ಭರಣಿ ಸುಮ್ಮನಾಯಿತು ಅಂತ ಸಕ್ಕರೆ ಸುರಿಯಬೇಡಿ

ನವೆಂಬರ್ ಬಂತೆಂದರೆ ನಮ್ಮ ಕಡೆ ಒಂದು ಪ್ರಶ್ನೆ ಫೋನಿಂದ ಫೋನಿಗೆ ಓಡಾಡಲು ಶುರುವಾಗುತ್ತದೆ. "ವೈನ್ ಹಾಕಿ ಹನ್ನೆರಡು ದಿನ ಆಯ್ತು. ಮೊದಲು ಗುಳುಗುಳು ಅಂತಿತ್ತು, ಈಗ ಸದ್ದೇ ಇಲ್ಲ. ಬಾಯಿಗೆ ಹಾಕಿದ್ರೆ ಪಾನಕದ ಹಂಗೆ ಸಿಹಿ. ಇನ್ನೊಂದು ಕೆ.ಜಿ. ಸಕ್ಕರೆ ಹಾಕ್ಲಾ?"

ಉತ್ತರಗಳೂ ತಕ್ಷಣ ಬರುತ್ತವೆ. ಹಾಕಿ ಅಂತ ಒಬ್ಬರು. ಒಂದು ಮುಷ್ಟಿ ಗೋಧಿ ಹಾಕಿ ಅಂತ ಇನ್ನೊಬ್ಬರು. ಬೇಕರಿಯಿಂದ ಈಸ್ಟ್ ತಂದು ಮೇಲಿಂದ ಉದುರಿಸಿ ಅಂತ ಮತ್ತೊಬ್ಬರು. ಕೊನೆಗೆ ಯಾರೋ ಒಬ್ಬರು ಒಂದು ಕ್ವಾರ್ಟರ್ ರಮ್ ಹಾಕಿ ಮುಚ್ಚಿಬಿಡಿ, ಯಾರಿಗೆ ಗೊತ್ತಾಗುತ್ತೆ ಅನ್ನುತ್ತಾರೆ.

ಇದರಲ್ಲಿ ನಮ್ಮ ಅಭಿಪ್ರಾಯ ಎರಡು. ಒಂದು, ನಿಂತ ಭರಣಿಗೆ ಸಕ್ಕರೆ ಮದ್ದಲ್ಲ. ಹೆಚ್ಚಿನ ಸಲ ಅದೇ ರೋಗ. ಎರಡು, ಈ ಪ್ರಶ್ನೆಯನ್ನು ಗುಟ್ಟಾಗಿ ಕೇಳಬೇಕಾಗಿರುವುದು ಅದಕ್ಕಿಂತ ದೊಡ್ಡ ರೋಗ. ಗುಟ್ಟಿನಲ್ಲಿ ಕೇಳಿದ ಪ್ರಶ್ನೆಗೆ ಗುಟ್ಟಿನ ಉತ್ತರವೇ ಸಿಗುತ್ತದೆ, ಅದು ಸರಿಯೋ ತಪ್ಪೋ ನೋಡುವವರು ಇರುವುದಿಲ್ಲ.

ಹುಂಚದಲ್ಲಿ ಕೂತು ವೈನ್ ಮಾತಾ?

ಇದನ್ನು ಕೇಳುವವರು ಇದ್ದಾರೆ, ಕೇಳಬೇಕಾದದ್ದೇ. ಹುಂಚ ಪದ್ಮಾವತಿ ಅಮ್ಮನವರ ಕ್ಷೇತ್ರ. ಸಾಂತರ ಅರಸರ ಕಾಲದ ಬಸದಿಗಳಿರುವ ಊರು. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟು ಬದುಕುವುದು ಇಲ್ಲಿನ ಜೈನ ಮನೆಗಳ ನಡತೆ. ಅದನ್ನು ಗೌರವಿಸದೆ ಇಲ್ಲಿ ಈ ವಿಷಯ ಬರೆಯಲು ಆಗುವುದಿಲ್ಲ.

ಆದರೆ ಆ ನಡತೆಯ ಹಿಂದಿರುವ ಕಾರಣವನ್ನು ಒಮ್ಮೆ ನೋಡಿ. ಸುಮಾರು ಸಾವಿರ ವರ್ಷದ ಹಿಂದಿನ ಆಚಾರ್ಯ ಅಮೃತಚಂದ್ರರು ತಮ್ಮ 'ಪುರುಷಾರ್ಥ ಸಿದ್ಧ್ಯುಪಾಯ'ದಲ್ಲಿ ಮದ್ಯ ಏಕೆ ಬೇಡ ಅನ್ನುವುದಕ್ಕೆ ಕೊಡುವ ಕಾರಣ ಬರೀ ಅಮಲು ಒಂದೇ ಅಲ್ಲ. ಹುಳಿತ ರಸದಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ಹುಟ್ಟುತ್ತವೆ, ಅದನ್ನು ಕುಡಿದರೆ ಅವುಗಳ ಹಿಂಸೆಯಾಗುತ್ತದೆ ಅನ್ನುವುದೂ ಅವರ ಮಾತಿನ ಸಾರ. ಹುಳಿಸುವ ಕೆಲಸ ಜೀವಿಗಳದ್ದು ಅಂತ ಫ್ರಾನ್ಸಿನ ಲೂಯಿ ಪಾಸ್ಚರ್ ಪ್ರಯೋಗ ಮಾಡಿ ತೋರಿಸಿದ್ದು 1857ರಿಂದ ಈಚೆಗೆ. ಇಬ್ಬರ ದಾರಿಯೂ ಬೇರೆ, ಉದ್ದೇಶವೂ ಬೇರೆ. ಒಂದನ್ನು ಇನ್ನೊಂದರ ಜೊತೆ ಕಟ್ಟುವ ಅಗತ್ಯ ನಮಗಿಲ್ಲ. ಆದರೆ ಎರಡೂ ಕಡೆಯಿಂದ ಬರುವ ಒಂದು ಸಂಗತಿ ನಮ್ಮ ಇವತ್ತಿನ ಮಾತಿಗೆ ಸಾಕು: ಭರಣಿಯೊಳಗೆ ಇರುವುದು ಜೀವ.

ಬೇಡ ಅನ್ನುವವರು ಆ ಕಾರಣಕ್ಕೇ ಬೇಡ ಅನ್ನುತ್ತಾರೆ. ಮಾಡುವವರು ಅದೇ ಕಾರಣಕ್ಕೆ ಅದನ್ನು ಜೀವದ ಹಾಗೆ ನೋಡಿಕೊಳ್ಳಬೇಕು. ಮಾಡುವವರು ನಮ್ಮ ಸುತ್ತ ಇದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನ್ ಹಾಕುವುದು ಹೊಸದೇನಲ್ಲ. ಈಗ ವಿಡಿಯೋ ನೋಡಿ ಅನಾನಸ್, ನೇರಳೆ, ಗೇರುಹಣ್ಣು, ಮುರುಗಲು ಯಾವುದು ಸಿಕ್ಕಿತೋ ಅದರಲ್ಲಿ ಪ್ರಯತ್ನ ಮಾಡುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ಅವರು ಇಲ್ಲ ಅಂತ ಕಣ್ಣು ಮುಚ್ಚಿಕೊಂಡರೆ ಭರಣಿಗಳು ಮಾಯ ಆಗುವುದಿಲ್ಲ.

ಮೊದಲು ಲೆಕ್ಕ

ವೈನ್ ಅಂದರೆ ಇಷ್ಟೇ. ಈಸ್ಟ್ ಅನ್ನುವ ಸೂಕ್ಷ್ಮಜೀವಿ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗುಳುಗುಳು ಅನ್ನುವುದು ಆ ಗಾಳಿ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ತಿಂದರೆ 1 ಪ್ರತಿಶತ ಆಲ್ಕೋಹಾಲ್ ಆಗುತ್ತದೆ. ತಾನು ಮಾಡಿದ ಆಲ್ಕೋಹಾಲೇ ಒಂದು ಮಟ್ಟ ದಾಟಿದ ಮೇಲೆ ಈಸ್ಟಿಗೆ ವಿಷ. ಬೇಕರಿ ಈಸ್ಟ್ ಸಾಮಾನ್ಯವಾಗಿ 10ರಿಂದ 12 ಪ್ರತಿಶತದ ಹೊತ್ತಿಗೆ ಸೋಲುತ್ತದೆ.

ಈಗ ನಮ್ಮ ಕಡೆ ಓಡಾಡುವ ಚೀಟಿ ನೋಡಿ: ಒಂದು ಕೆ.ಜಿ. ದ್ರಾಕ್ಷಿ, ಒಂದು ಕೆ.ಜಿ. ಸಕ್ಕರೆ, ಒಂದು ಲೀಟರ್ ನೀರು. ಜೊತೆಗೆ ಗೋಧಿ, ಚಕ್ಕೆ, ಲವಂಗ.

ಕೂಡಿಸಿ ನೋಡೋಣ. ನೀರು 1 ಲೀಟರ್. ದ್ರಾಕ್ಷಿಯಿಂದ ಮುಕ್ಕಾಲು ಲೀಟರ್ ರಸ. ಒಂದು ಕೆ.ಜಿ. ಸಕ್ಕರೆ ಕರಗಿದರೆ ಸುಮಾರು 620 ಮಿ.ಲೀ. ಜಾಗ ಹಿಡಿಯುತ್ತದೆ. ಒಟ್ಟು ಹೆಚ್ಚುಕಮ್ಮಿ 2.4 ಲೀಟರ್. ದ್ರಾಕ್ಷಿಯದ್ದೇ ಸಕ್ಕರೆ ಸುಮಾರು 160 ಗ್ರಾಂ ಸೇರಿದರೆ ಒಟ್ಟು ಸಕ್ಕರೆ 1,160 ಗ್ರಾಂ. ಅಂದರೆ ಲೀಟರಿಗೆ ಸುಮಾರು 480 ಗ್ರಾಂ.

ಇದನ್ನು ಈಸ್ಟ್ ಪೂರ್ತಿ ತಿಂದರೆ ಕಾಗದದ ಮೇಲೆ 28 ಪ್ರತಿಶತ ಆಲ್ಕೋಹಾಲ್ ಆಗಬೇಕು. ಯಾವ ಬೇಕರಿ ಈಸ್ಟಿಗೂ ಅದು ಆಗದ ಮಾತು. ಮಾಮೂಲಿ ವೈನಿಗೆ ಲೀಟರಿಗೆ ಒಟ್ಟು 200ರಿಂದ 220 ಗ್ರಾಂ ಸಕ್ಕರೆ ಸಾಕು, ಹಣ್ಣಿನದ್ದೂ ಸೇರಿ. ಚೀಟಿಯಲ್ಲಿ ಇರುವುದು ಅದರ ಎರಡರಷ್ಟು. ಆ ಭರಣಿಯನ್ನು ಸರಿ ಮಟ್ಟಕ್ಕೆ ತರಬೇಕಾದರೆ ಇನ್ನೂ ಸುಮಾರು 3 ಲೀಟರ್ ನೀರು ಹೊಯ್ಯಬೇಕಾಗುತ್ತಿತ್ತು. ಭರಣಿಯಲ್ಲಿ ಇರುವುದಕ್ಕಿಂತ ಹೆಚ್ಚು!

ಸಕ್ಕರೆ ಜಾಸ್ತಿಯಾದರೆ ಜೀವಕ್ಕೆ ಏನಾಗುತ್ತದೆ ಅನ್ನುವುದು ಮಲೆನಾಡಿನ ಹೆಂಗಸರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುರುಗಲು ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಡುತ್ತೀರಿ. ಸಕ್ಕರೆ ಸಿಪ್ಪೆಯ ನೀರನ್ನು ಹೊರಗೆ ಎಳೆಯುತ್ತದೆ, ಪಾಕ ಆಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಕೆಡುವುದಿಲ್ಲ ಅಂದರೆ ಏನರ್ಥ? ಅದರೊಳಗೆ ಯಾವ ಜೀವಿಗೂ ಕೆಲಸ ಮಾಡಲು ಆಗುವುದಿಲ್ಲ ಅಂತ. ಸಿಪ್ಪೆಯ ನೀರು ಎಳೆದ ಹಾಗೆಯೇ ಈಸ್ಟಿನ ಮೈಯ ನೀರನ್ನೂ ಸಕ್ಕರೆ ಎಳೆಯುತ್ತದೆ. ವೈನ್ ಮಾಡುತ್ತೇವೆ ಅಂದುಕೊಂಡು ನಾವು ಶರಬತ್ತಿನ ಪಾಕ ಮಾಡಿ, ಆಮೇಲೆ ಅದು ಯಾಕೆ ಹುಳಿಯುತ್ತಿಲ್ಲ ಅಂತ ಕೇಳುತ್ತಿದ್ದೇವೆ. ಅದಕ್ಕೆ ಮತ್ತೆ ಒಂದು ಕೆ.ಜಿ. ಸಕ್ಕರೆ ಹಾಕಿದರೆ?

ನಿಲ್ಲಲು ಬೇರೆ ಕಾರಣಗಳು

ಸಕ್ಕರೆ ಒಂದೇ ಅಲ್ಲ. ನಮ್ಮ ಸೀಮೆಗೆ ಹೊಂದುವ ಕಾರಣಗಳು ಇನ್ನೂ ಇವೆ.

ಚಳಿ: ಈಸ್ಟಿಗೆ 20ರಿಂದ 30 ಡಿಗ್ರಿ ಹಿತ. 15ಕ್ಕಿಂತ ಕೆಳಗೆ ಮಂಕಾಗುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ಕೆಂಪು ನೆಲದ ಮೇಲೆ ಇಟ್ಟ ಭರಣಿ ಸುಮ್ಮನಾಗುವುದು ಸಹಜ. ಇಡ್ಲಿ ಹಿಟ್ಟು ಮಳೆಗಾಲದಲ್ಲಿ ಉಬ್ಬದೆ ಕೂರುವುದು ನೋಡಿದ್ದೇವಲ್ಲ, ಹಾಗೆ.

ಸೆಕೆ: ಚಳಿ ಅಂತ ಭರಣಿಯನ್ನು ಬಚ್ಚಲು ಒಲೆಯ ಹಂಡೆಗೆ ಒತ್ತಿಕೊಂಡು ಇಡುವವರಿದ್ದಾರೆ. 35 ಡಿಗ್ರಿ ದಾಟಿದರೆ ಈಸ್ಟ್ ಸೊರಗುತ್ತದೆ, ಇನ್ನೂ ಮೇಲೆ ಹೋದರೆ ಸಾಯುತ್ತದೆ. ಬೆಳಿಗ್ಗೆ ಒಲೆ ಉರಿದಾಗ ಕಾದು, ರಾತ್ರಿ ತಣ್ಣಗಾಗುವ ಜಾಗ ಎಲ್ಲಕ್ಕಿಂತ ಕೆಟ್ಟದ್ದು.

ಮಸಾಲೆ: ಲವಂಗ, ಚಕ್ಕೆ ಪರಿಮಳಕ್ಕೆ ಹಾಕುತ್ತೇವೆ. ಅವುಗಳಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇದೆ, ಆ ಗುಣ ಭರಣಿಯಲ್ಲೂ ಕೆಲಸ ಮಾಡುತ್ತದೆ. ಪರಿಮಳ ಬೇಕಿದ್ದರೆ ಹುಳಿತು ಮುಗಿದ ಮೇಲೆ ಹಾಕಬಹುದು.

ಹಸಿವು: ಈಸ್ಟಿಗೆ ಸಕ್ಕರೆ ಒಂದೇ ಸಾಲದು, ಸಾರಜನಕವೂ ಬೇಕು. ಅನ್ನ ಇದೆ, ಸಾರಿಲ್ಲ ಅಂದ ಹಾಗೆ. ಹಣ್ಣು ಸ್ವಲ್ಪ, ನೀರು ಸಕ್ಕರೆ ಜಾಸ್ತಿ ಆದ ಭರಣಿಯಲ್ಲಿ ಈ ಕೊರತೆ ಸಾಮಾನ್ಯ.

ಹುಳಿ: ಮುರುಗಲಿನಂಥ ಹಣ್ಣಿನ ರಸ ಅತಿ ಹುಳಿ. ನೀರು ಬೆರೆಸದೆ ಹಾಕಿದರೆ ಈಸ್ಟ್ ಶುರುವೇ ಆಗದಿರಬಹುದು.

ಕೆಡದ ಹಾಗೆ ಹಾಕಿದ ಮದ್ದು: ಅಂಗಡಿಯ ಜ್ಯೂಸ್ ಬಾಟಲಿ, ಸ್ಕ್ವಾಷ್ ಸೇರಿಸಿದ್ದರೆ ಅದರ ಚೀಟಿ ಓದಿ. ಸೋಡಿಯಂ ಬೆಂಜೋಯೇಟ್ ಅಂತ ಬರೆದಿದ್ದರೆ ಅದು ಹುಳಿಯದಿರಲಿ ಅಂತಲೇ ಹಾಕಿದ್ದು.

ಇನ್ನು ಗೋಧಿ. ಗೋಧಿಯಲ್ಲಿ ಇರುವುದು ಪಿಷ್ಟ. ಈಸ್ಟಿಗೆ ಪಿಷ್ಟವನ್ನು ನೇರ ತಿನ್ನಲು ಬರುವುದಿಲ್ಲ. ಮೊಳಕೆ ಬರಿಸಿದ ಧಾನ್ಯದ ಕತೆ ಬೇರೆ. ಹಸಿ ಗೋಧಿ ಹಾಕಿದರೆ ವೈನ್ ಕದಡುತ್ತದೆ, ಬೇಡದ ಬ್ಯಾಕ್ಟೀರಿಯಾಗಳಿಗೆ ಮನೆ ಸಿಗುತ್ತದೆ, ಅಷ್ಟೆ.

ನಿಂತಿದೆಯೋ, ಮುಗಿದಿದೆಯೋ?

ಸದ್ದಿಲ್ಲ ಅಂದ ಮಾತ್ರಕ್ಕೆ ನಿಂತಿದೆ ಅಂತಲ್ಲ. ಸಕ್ಕರೆ ಪೂರ್ತಿ ಖಾಲಿಯಾಗಿ ಕೆಲಸ ಮುಗಿದಿರಬಹುದು. ಮುಚ್ಚಳ ಸಡಿಲವಾಗಿ ಗಾಳಿ ಬೇರೆ ಕಡೆಯಿಂದ ಹೋಗುತ್ತಿರಬಹುದು. ತಿಳಿಯುವುದು ಹೇಗೆ?

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರಲ್ಲ, ಅದರ ಅಣ್ಣನ ಹೆಸರು ಹೈಡ್ರೋಮೀಟರ್. ದ್ರವ ನೀರಿಗಿಂತ ಎಷ್ಟು ದಪ್ಪ ಅಂತ ಹೇಳುತ್ತದೆ. ಸಕ್ಕರೆ ಇದ್ದಷ್ಟೂ ಮೇಲೆ ತೇಲುತ್ತದೆ, ಸಕ್ಕರೆ ಖಾಲಿಯಾದ ಹಾಗೆ ಮುಳುಗುತ್ತದೆ. ಡೇರಿಯ ಲ್ಯಾಕ್ಟೋಮೀಟರಿನಿಂದ ಇದು ಆಗುವುದಿಲ್ಲ, ಅದರ ಅಳತೆ ಹಾಲಿಗೆ ಮಾತ್ರ ಮಾಡಿದ್ದು. ವೈನಿನದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೂರು ದಿನ ದಿನಕ್ಕೊಮ್ಮೆ ಅಳೆಯಿರಿ. ಅಂಕಿ 1.000ರ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಇದ್ದು ಅಲ್ಲೇ ನಿಂತಿದ್ದರೆ ಮುಗಿದಿದೆ. 1.020, 1.040 ಹೀಗೆ ಮೇಲೆಯೇ ಮೂರು ದಿನ ಕದಲದೆ ಕೂತಿದ್ದರೆ ನಿಂತಿದೆ.

ಆಲೆಮನೆಯವರ ಹತ್ತಿರ ಇರುವ ಬ್ರಿಕ್ಸ್ ನೋಡುವ ಸಾಧನ ಹುಳಿಯುವ ಮೊದಲು ರಸಕ್ಕೆ ಚೆನ್ನ. ಆಲ್ಕೋಹಾಲ್ ಬಂದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ.

ನಮ್ಮ ರೈತರು ಹಾಲಿನ ಡಿಗ್ರಿ ಅಳೆಯುತ್ತಾರೆ, ಅಡಿಕೆಯ ಒಣಗು ನೋಡುತ್ತಾರೆ, ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತಾರೆ. ಹಣ್ಣಿನ ಭರಣಿಗೆ ಬಂದಾಗ ಮಾತ್ರ ಎಲ್ಲ ಅಂದಾಜು. ಯಾಕೆಂದರೆ ಅದು ಲೆಕ್ಕಕ್ಕೆ ಬರುವ ಕೆಲಸ ಅಂತ ಯಾರೂ ಒಪ್ಪಿಕೊಂಡಿಲ್ಲ.

ಹಾಗಾದರೆ ಎಂತ ಮಾಡೋದು?

ಮೊದಲು ಮೂಗು. ವಿನೆಗರಿನ ಘಾಟು ಬಂದಿದ್ದರೆ ಅದನ್ನು ವೈನ್ ಮಾಡಲು ಹೋಗಬೇಡಿ. ಮೇಲೆ ಬಣ್ಣಬಣ್ಣದ ಬೂಸ್ಟು ಬಂದಿದ್ದರೆ ತಿಪ್ಪೆಗೆ ಚೆಲ್ಲಿ. ದುಡ್ಡು ಹೋಯಿತಲ್ಲ ಅಂತ ಸೋಸಿ ಕುಡಿಯುವುದು ಬೇಡ.

ವಾಸನೆ ಚೆನ್ನಾಗಿದ್ದರೆ ಭರಣಿಯನ್ನು ಹದವಾಗಿ ಬೆಚ್ಚಗಿರುವ ಜಾಗಕ್ಕೆ ತನ್ನಿ, 22ರಿಂದ 25 ಡಿಗ್ರಿ. ಗೋಣಿಚೀಲ ಅಥವಾ ಹಳೇ ಕಂಬಳಿ ಸುತ್ತಿ. ತೊಳೆದು ಬಿಸಿನೀರಿನಲ್ಲಿ ಅದ್ದಿದ ಸ್ಟೀಲ್ ಸೌಟಿನಲ್ಲಿ ತಳದ ಗಸಿಯನ್ನು ಒಮ್ಮೆ ನಿಧಾನ ಕಲಕಿ. ಎರಡು ದಿನ ಕಾಯಿರಿ. ಚಳಿಗೆ ಮಲಗಿದ್ದರೆ ಇಷ್ಟಕ್ಕೇ ಎದ್ದುಬಿಡುತ್ತದೆ.

ಏಳದಿದ್ದರೆ, ಸಕ್ಕರೆ ಜಾಸ್ತಿ ಅನ್ನಿಸಿದರೆ, ಸಕ್ಕರೆ ಹಾಕದ ಹಣ್ಣಿನ ರಸವನ್ನೋ ಕಾಯಿಸಿ ಆರಿಸಿದ ನೀರನ್ನೋ ಸೇರಿಸಿ ತೆಳು ಮಾಡಬೇಕು. ಆಮೇಲೆ ಹೊಸ ಈಸ್ಟ್. ಆದರೆ ಪೊಟ್ಟಣ ಒಡೆದು ಮೇಲಿಂದ ಉದುರಿಸಿದರೆ ಅದು ಸತ್ತಂತೆಯೇ. ಆಲ್ಕೋಹಾಲೂ ಸಕ್ಕರೆಯೂ ತುಂಬಿದ ಕಡೆಗೆ ಒಣಗಿದ ಜೀವವನ್ನು ಒಮ್ಮೆಲೇ ದೂಡಿದ ಹಾಗೆ. ಸಸಿಮಡಿಯಲ್ಲಿ ಬೆಳೆಸದೆ ಬತ್ತವನ್ನು ನೆರೆ ನಿಂತ ಗದ್ದೆಗೆ ಎಸೆದರೆ ಏನಾಗುತ್ತದೋ ಅದು.

ಈಸ್ಟಿಗೂ ಒಂದು ಸಸಿಮಡಿ ಬೇಕು. 5 ಲೀಟರಿಗೆ ಸುಮಾರು 5 ಗ್ರಾಂ ಈಸ್ಟ್. ಕೈಗೆ ಬೆಚ್ಚಗೆ ಅನ್ನಿಸುವ ಅರ್ಧ ಲೋಟ ನೀರು, ಒಂದು ಚಿಟಿಕೆ ಸಕ್ಕರೆ. ಕಾಲು ಗಂಟೆಯಲ್ಲಿ ನೊರೆ ಬರಬೇಕು. ಬಂದ ಮೇಲೆ ನಿಂತ ವೈನಿನಿಂದ ಅಷ್ಟೇ ಅಳತೆ ತೆಗೆದು ಅದಕ್ಕೆ ಸೇರಿಸಿ. ಕೆಲವು ಗಂಟೆ ಬಿಟ್ಟು, ಮತ್ತೆ ನೊರೆ ಎದ್ದ ಮೇಲೆ, ಈಗಿರುವಷ್ಟೇ ಇನ್ನೊಮ್ಮೆ. ಹೀಗೆ ಎರಡರಷ್ಟು ಮಾಡುತ್ತ ಹೋಗಿ. ಒಂದು ಲೀಟರ್ ಚೆನ್ನಾಗಿ ಕುದಿಯುವ ಹಾಗೆ ಎದ್ದಾಗ ಅದನ್ನು ಭರಣಿಗೆ ಹೊಯ್ಯಿರಿ. ಒಂದೆರಡು ದಿನದ ತಾಳ್ಮೆ ಬೇಕು. ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸದೆ ಕಾಯುವ ತಾಳ್ಮೆ ಇರುವ ಮನೆಗೆ ಇದು ಕಷ್ಟವಲ್ಲ.

ಇಷ್ಟು ಮಾಡಿಯೂ ಏಳದ ಭರಣಿ ಇರುತ್ತದೆ. ಆಗ ಬಿಟ್ಟುಬಿಡುವುದೂ ಒಂದು ಬುದ್ಧಿ.

ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ

ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈಸ್ಟಿನ ಹಸಿವಿಗೆ ಏನು ಹಾಕಬೇಕು ಅಂತ ಫೋನಿನಲ್ಲಿ ಹುಡುಕಿದರೆ ಹೊರದೇಶದವರು ಬರೆದ ಉತ್ತರ ಸಿಗುತ್ತದೆ: ಡಿಎಪಿ ಹಾಕಿ. ಅವರು ಹೇಳುವುದು ಆಹಾರಕ್ಕೆಂದೇ ಶುದ್ಧ ಮಾಡಿದ ಡೈಅಮೋನಿಯಂ ಫಾಸ್ಫೇಟ್, ಗ್ರಾಂ ಲೆಕ್ಕದಲ್ಲಿ. ನಮ್ಮ ಊರಿನಲ್ಲಿ ಡಿಎಪಿ ಅಂದರೆ ಸೊಸೈಟಿಯಿಂದ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟ ಚೀಲ. ಹೆಸರು ಒಂದೇ, ವಸ್ತು ಒಂದೇ ಅಲ್ಲ. ಗೊಬ್ಬರದ ಡಿಎಪಿಯನ್ನು ಮನುಷ್ಯರ ಹೊಟ್ಟೆಗೆ ಹೋಗಲಿ ಅಂತ ಮಾಡಿಲ್ಲ. ಅದರಲ್ಲಿ ಕ್ಯಾಡ್ಮಿಯಂನಂಥ ಲೋಹಗಳ ಅಂಶ ಇರಬಹುದು. ಯೂರಿಯಾ ಅಂತೂ ಮುಟ್ಟಲೇಬೇಡಿ. ಆಲ್ಕೋಹಾಲಿನ ಜೊತೆ ಸೇರಿ ಅದು ಈಥೈಲ್ ಕಾರ್ಬಮೇಟ್ ಆಗುತ್ತದೆ, ಅದು ಕ್ಯಾನ್ಸರ್ ತರಬಹುದಾದ ವಸ್ತು.

ಹಸಿವಿಗೆ ಅಡುಗೆಮನೆಯಲ್ಲೇ ಉಪಾಯ ಇದೆ. ಒಂದು ಚಮಚ ಬೇಕರಿ ಈಸ್ಟನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಿಸಿ ಹಾಕಿ. ಸತ್ತ ಈಸ್ಟ್ ಬದುಕಿರುವ ಈಸ್ಟಿಗೆ ಆಹಾರ. ಒಂದು ಹಿಡಿ ಒಣದ್ರಾಕ್ಷಿಯೂ ಸ್ವಲ್ಪ ನೆರವಾಗುತ್ತದೆ.

ಪಾತ್ರೆಯ ಮಾತೂ ಇದೇ ಸಾಲಿನದ್ದು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣದಲ್ಲಿ ಹುಳಿ ರಸ ಇಡಬಾರದು. ಲೋಹ ಬಿಡುತ್ತದೆ. ಗಾಜು, ಸ್ಟೀಲು ಸಾಕು.

ಇನ್ನೊಂದು ಅಪಾಯ ನಿಧಾನದ್ದು. ನಿಂತ ವೈನನ್ನು ಮುಗಿಯಿತು ಅಂದುಕೊಂಡು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಒಳಗೆ ಸಕ್ಕರೆ ಇದೆ, ಮಲಗಿದ ಈಸ್ಟೂ ಇದೆ. ಮಾರ್ಚ್ ಬರುತ್ತದೆ, ಸೆಕೆ ಏರುತ್ತದೆ, ಈಸ್ಟ್ ಎದ್ದು ಕೆಲಸ ಶುರು ಮಾಡುತ್ತದೆ. ಗಾಳಿ ಹೋಗಲು ದಾರಿ ಇಲ್ಲ. ಗಾಜಿನ ಬಾಟಲಿ ಸಿಡಿಯುತ್ತದೆ. ಅದು ಮಕ್ಕಳು ಆಡುವ ಕೋಣೆಯ ನಾಗಂದಿಗೆಯಲ್ಲಿ ಇದ್ದರೆ? ಅಂಕಿ ನೋಡದೆ ಬಾಟಲಿ ಬಿಗಿಯಬೇಡಿ ಅಂತ ನಾವು ಹಟ ಹಿಡಿಯುವುದು ರುಚಿಗಲ್ಲ, ಕಣ್ಣಿಗೆ.

ಮತ್ತೆ, ನಿಂತ ಭರಣಿಯನ್ನು ಕಾಯಿಸಿ ಇಳಿಸಿದರೆ ಹೇಗೆ ಅನ್ನುವವರಿಗೆ ಒಂದೇ ಮಾತು: ಅದು ಕಳ್ಳಬಟ್ಟಿ. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಗುಟ್ಟು ಯಾರಿಗೆ ಲಾಭ?

ಈಗ ಎರಡನೇ ಅಭಿಪ್ರಾಯಕ್ಕೆ ಬರೋಣ.

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಇದನ್ನು ಎಲ್ಲರೂ ತಿಳಿದಿರಬೇಕು. ಮನೆ ವೈನ್ ಅಂತ ಬಾಟಲಿಗೆ ಚೀಟಿ ಅಂಟಿಸಿ ಮಾರುವವರು, ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಮಾರಬೇಡಿ.

ಆದರೆ ಹಬ್ಬಕ್ಕೆ ಐದು ಲೀಟರ್ ಹಾಕುವ ಅಜ್ಜಿಯೂ, ಕಾಡಿನಂಚಿನಲ್ಲಿ ಬಟ್ಟಿ ಇಳಿಸುವವನೂ ಒಂದೇ ಹೆದರಿಕೆಯಲ್ಲಿ ಬದುಕಿದರೆ ಏನಾಗುತ್ತದೆ? ಅಜ್ಜಿ ಯಾರನ್ನೂ ಕೇಳುವುದಿಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಶಿವಮೊಗ್ಗದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹುದುಗಿನ ವಿಜ್ಞಾನ ಓದಿದವರು ಬಸ್ಸಿಗೆ ಹೋಗಿ ಬರುವ ದೂರದಲ್ಲಿದ್ದಾರೆ. ಅಡಿಕೆ ಕೊಳೆ ರೋಗಕ್ಕೆ ಅವರಿಗೆ ಫೋನ್ ಮಾಡುವವರು ಭರಣಿ ನಿಂತರೆ ಮಾಡುವುದಿಲ್ಲ. ಹೆಸರು ಗೊತ್ತಿಲ್ಲದ ಯಾರದೋ ವಿಡಿಯೋ ನೋಡುತ್ತಾರೆ. ಅಲ್ಲಿ ಡಿಎಪಿ ಹಾಕಿ ಅಂತ ಇರುತ್ತದೆ.

ಬೇರೆ ಕಡೆ ಹೇಗಿದೆ? ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಿದರು, ಮಾರಬಾರದು ಅನ್ನುವ ಶರತ್ತಿನ ಮೇಲೆ. ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವೈನನ್ನು ಸ್ವಂತಕ್ಕೆ ಮಾಡಬಹುದು. ಅಷ್ಟೆಲ್ಲ ನಮಗೆ ಬೇಡ. ಪಕ್ಕದ ಕೇರಳ 2022ರಲ್ಲಿ ತನ್ನ ರೈತರ ಹಣ್ಣು, ಕೃಷಿ ಉತ್ಪನ್ನಗಳಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ತಂದಿತು. ನಮ್ಮ ರಾಜ್ಯ 2007ರಲ್ಲೇ ವೈನ್ ನೀತಿ ಮಾಡಿತು, ಆದರೆ ಅದು ಮುಖ್ಯವಾಗಿ ದ್ರಾಕ್ಷಿ ಬೆಳೆಗಾರರನ್ನು ನೋಡಿ ಮಾಡಿದ್ದು. ಸೊರಬ, ಸಾಗರದ ಅನಾನಸ್ ಬೆಳೆಗಾರ ಬೆಲೆ ಬಿದ್ದ ವರ್ಷ ಹಣ್ಣನ್ನು ಹೊಲದಲ್ಲೇ ಬಿಡುವಾಗ ಆ ನೀತಿ ಅವನ ಹತ್ತಿರ ಬರುವುದಿಲ್ಲ.

ನಾವು ಕೇಳುವುದು ಮೂರು. ಮನೆಬಳಕೆಗೆ, ಮಾರದೆ, ಇಂತಿಷ್ಟು ಲೀಟರ್ ಹಣ್ಣಿನ ವೈನ್ ಮಾಡಬಹುದೋ ಇಲ್ಲವೋ ಅನ್ನುವುದನ್ನು ಸರ್ಕಾರ ಸರಳ ಕನ್ನಡದಲ್ಲಿ ಹೇಳಲಿ. ಬೇಡ ಅನ್ನುವುದೇ ಉತ್ತರವಾದರೆ ಅದನ್ನೂ ಪಂಚಾಯ್ತಿ ಗೋಡೆಯ ಮೇಲೆ ಬರೆಯಲಿ. ಮಲೆನಾಡಿನ ಹಣ್ಣಿಗೆ, ದ್ರಾಕ್ಷಿಗೆ ಇರುವಂಥದೇ ಒಂದು ದಾರಿ ಇರಲಿ. ಮತ್ತು ಹುಳಿಸುವ ವಿದ್ಯೆಯನ್ನು, ಅಂದರೆ ವಿನೆಗರ್, ಉಪ್ಪಿನಕಾಯಿ, ಹಣ್ಣಿನ ರಸ ಕೆಡದ ಹಾಗೆ ಇಡುವುದು, ಎಲ್ಲವನ್ನೂ ಸ್ತ್ರೀಶಕ್ತಿ ಸಂಘಗಳಿಗೆ, ಸಂಜೀವಿನಿ ಒಕ್ಕೂಟಗಳಿಗೆ ಕೃಷಿ ವಿಶ್ವವಿದ್ಯಾಲಯ ಊರಿಗೇ ಬಂದು ಕಲಿಸಲಿ.

ಹೆಂಡದ ಮನೆ ಕಂಡವರ ಮಾತು

ಇದಕ್ಕೆ ಎದುರು ಮಾತು ಗಟ್ಟಿಯಾಗಿದೆ. ಕುಡಿತದಿಂದ ಹಾಳಾದ ಮನೆ ಪ್ರತಿ ಊರಿನಲ್ಲೂ ಇದೆ. ಸಾರಾಯಿ ನಿಲ್ಲಿಸಿ ಅಂತ ಬೀದಿಗೆ ಇಳಿದ ಹೆಂಗಸರ ಊರುಗಳು ನಮ್ಮವು. ಅವರ ಎದುರು ನಿಂತು ವೈನ್ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಸುಳ್ಳನ್ನು ನಾವು ಹೇಳುವುದಿಲ್ಲ. 12 ಪ್ರತಿಶತ ಅಂದರೆ ಅದು ಮದ್ಯವೇ. ಮಕ್ಕಳಿಗೆ, ಬಸುರಿಯರಿಗೆ ಒಂದು ಚಮಚವೂ ಬೇಡ. ಚಟ ಇರುವ ಗಂಡಸಿರುವ ಮನೆಯಲ್ಲಿ ಭರಣಿ ಹಾಕದಿರುವುದೇ ಲೇಸು.

ಆದರೂ ಒಂದು ಲೆಕ್ಕ ಮುಂದಿಡುತ್ತೇವೆ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಮರುವರ್ಷದ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿಯ ಊರುಗಳಲ್ಲೂ ಬೆಂಗಳೂರಿನಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್. ನಿಷೇಧ ತಪ್ಪು ಅಂತ ಇದರ ಅರ್ಥ ಅಲ್ಲ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತಿದೆ ಅಂತ ನೋಡುವ ಕೆಲಸ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ ಅಂತ ಅರ್ಥ. ಬೇಡ ಅನ್ನುವುದು ಒಂದು ನಿಲುವು, ತಿಳಿಯುವುದೇ ಬೇಡ ಅನ್ನುವುದು ಬೇರೆ. ಹುಂಚದ ಹಿರಿಯರು ಬೇಡ ಅಂದದ್ದು ಅದರೊಳಗೆ ಏನಿದೆ ಅಂತ ಯೋಚಿಸಿಯೇ. ನಾವು ಯೋಚಿಸುವುದನ್ನು ಬಿಟ್ಟು ಬೇಡ ಅನ್ನುವುದನ್ನಷ್ಟೇ ಉಳಿಸಿಕೊಂಡರೆ, ಗೊಬ್ಬರದ ಚೀಲ ಅಡುಗೆಮನೆಗೆ ಬರುತ್ತದೆ.

ಈ ವರ್ಷವೂ ಕೆಲವು ಭರಣಿಗಳು ಸುಮ್ಮನಾಗುತ್ತವೆ. ನಿಮ್ಮ ಅತ್ತಿಗೆಯದ್ದೋ, ಪಕ್ಕದ ಮನೆಯ ಟೀಚರಮ್ಮನದ್ದೋ ಇರಬಹುದು. ಅವರು ನಾಚಿಕೊಂಡು ಕೇಳಿದರೆ ನಗಬೇಡಿ. ಸಕ್ಕರೆ ಎಷ್ಟು ಹಾಕಿದ್ದೀರಿ, ಎಲ್ಲಿ ಇಟ್ಟಿದ್ದೀರಿ, ಅಳೆದಿದ್ದೀರಾ ಅಂತ ಕೇಳಿ. ಡಿಎಪಿ ಬೇಡ, ಬಾಟಲಿ ಬಿಗಿಯಬೇಡಿ ಅಂತ ಹೇಳಿ. ಇದೇ ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಗೆ ಕೃಷಿ, ತೋಟಗಾರಿಕೆ ಇಲಾಖೆಯವರು ಬಂದಾಗ ಎದ್ದು ನಿಂತು ಅವರನ್ನೂ ಕೇಳಿ. ಮೊದಲು ಕೇಳುವವರಿಗೆ ಸ್ವಲ್ಪ ಮುಜುಗರ ಆಗುತ್ತದೆ. ಎರಡನೆಯವರಿಗೆ ಅಷ್ಟು ಆಗುವುದಿಲ್ಲ.